ಅಂಜುಬುರುಕಿ ಅಕ್ಕೋರು

ಮೊನ್ನೆ ಕಾರವಾರದಲ್ಲಿ ಅಕ್ಕೋರ ಬೀಳ್ಕೊಡುಗೆ ಇತ್ತು. ನನ್ನನ್ನು ಮುಂದಿನ ಸಾಲಿನಲ್ಲಿ, ಮೆತ್ತನೆಯ ಕುರ್ಚಿಯಲ್ಲಿ ಕೂರಿಸಿದ್ದರು. ಜೀವಮಾನವೆಲ್ಲ ಮೀನು ಮಾರಿದ ಹೆಂಗಸನ್ನು ಅಂಥ ಕುರ್ಚಿಯಲ್ಲಿ ಕೂರಿಸಿದರೆ ಅವಳಿಗೆ ಎರಡೇ ಕೆಲಸ. ಸೀರೆಯಲ್ಲಿ ಮೀನಿನ ವಾಸನೆ ಉಳಿದಿದೆಯೇ ಎಂದು ಮೂಸಿಕೊಳ್ಳುವುದು, ಪಕ್ಕದವರೂ ಮೂಸುತ್ತಿದ್ದಾರೆಯೇ ಎಂದು ಓರೆಗಣ್ಣಿನಲ್ಲಿ ನೋಡುವುದು.

ಮೈಕಿನ ಮುಂದೆ ನಿಂತವರೊಬ್ಬರು, "ಭಯ ಎಂದರೇನೆಂದೇ ಅರಿಯದ ವಿಜ್ಞಾನಿ ಇವರು" ಎಂದರು. ನನಗೆ ತಡೆಯಲಾಗಲಿಲ್ಲ, ಜೋರಾಗಿ ನಕ್ಕುಬಿಟ್ಟೆ. ವೇದಿಕೆಯ ಮೇಲಿದ್ದವರೆಲ್ಲ ನನ್ನತ್ತ ನೋಡಿದರು. ಅಕ್ಕೋರು ಮಾತ್ರ ತಲೆ ತಗ್ಗಿಸಿ ನಗು ನುಂಗಿದರು. ಮಾಜಾಳಿಯಿಂದ ಮಂಜಗುಣಿಯ ತನಕ ಅವರಷ್ಟು ಹೆದರುವ ಇನ್ನೊಂದು ಜೀವವನ್ನು ನಾನು ಕಂಡಿಲ್ಲ ಎಂದು ನನಗೂ ಗೊತ್ತು, ಅವರಿಗೂ ಗೊತ್ತು.

ಆದರೆ ಆಮೇಲೆ ಮೈಕಿನವರು ಇನ್ನೊಂದು ಮಾತು ಹೇಳಿದರು. ಇನ್ನು ಮುಂದೆ ವಿದ್ಯಾರ್ಥಿಗಳನ್ನು ಬೆಳಂಬಾರದ ಅಳಿವೆಗೆ ಕರೆದೊಯ್ಯುವ ಹೊಣೆಯನ್ನು ಇವರು ಹೊರುತ್ತಾರೆ ಎಂದು ಪಕ್ಕದಲ್ಲಿ ಕುಳಿತ ಸಾಹೇಬರೊಬ್ಬರತ್ತ ಕೈ ತೋರಿಸಿದರು. ಅವರು ಎದ್ದು ಕೈ ಮುಗಿದರು. ನನ್ನ ನಗು ಗಂಟಲಲ್ಲೇ ನಿಂತಿತು.

ಅವರನ್ನು ನಾನು ಕಡೆಯ ಸಲ ಕಂಡದ್ದು, ನಮ್ಮೂರ ಅಳಿವೆಯ ದಂಡೆಯ ಮೇಲೆ. ಮೊಣಕಾಲ ತನಕ ಕೆಸರು ಮೆತ್ತಿಕೊಂಡು ನಿಂತು, ಒಬ್ಬ ಹುಡುಗಿಯ ಹೆಸರು ಹಿಡಿದು ಕೂಗುತ್ತಿದ್ದರು.

ಹಿಂದೆ ತಿರುಗಿ ನೋಡಿದೆ. ಕಡೆಯ ಸಾಲುಗಳಲ್ಲಿ ಈ ವರ್ಷದ ಹುಡುಗಿಯರು ಕುಳಿತು ಚಪ್ಪಾಳೆ ತಟ್ಟುತ್ತಿದ್ದರು. ಅವರಿಗೇನು ಗೊತ್ತು?

ಅಕ್ಕೋರು ಎಂದರೆ ನಮ್ಮ ಕಡೆ ಶಾಲೆಯ ಶಿಕ್ಷಕಿ. ಇವರು ಶಾಲೆಯವರಲ್ಲ, ಸಮುದ್ರದ ಜೀವಿಗಳನ್ನು ಓದುವವರು, ಓದಿಸುವವರು. ಊರು ಧಾರವಾಡದ ಕಡೆ. ನಾನು ಅಕ್ಕೋರೆ ಎನ್ನುತ್ತಿದ್ದೆ, ಅವರು ನನ್ನನ್ನು ಅಕ್ಕ ಎನ್ನುತ್ತಿದ್ದರು. ಕೇಳಿದವರಿಗೆ ಯಾರು ಯಾರಿಗೆ ಅಕ್ಕ ಎಂದು ತಿಳಿಯುತ್ತಿರಲಿಲ್ಲ.

ಅವರು ಮೊದಲ ಸಲ ನಮ್ಮ ಮನೆಗೆ ಬಂದದ್ದು ಹುಡುಗ ಹುಡುಗಿಯರು ಉಳಿದುಕೊಳ್ಳಲು ಕೋಣೆ ಸಿಗುತ್ತದೆಯೇ ಎಂದು ಕೇಳಲು. ಬೇರೆಯವರಾದರೆ ನೀರಿದೆಯೇ, ಕರೆಂಟಿದೆಯೇ ಎಂದು ಕೇಳುತ್ತಾರೆ. ಇವರು ಪ್ರತಿ ಬಾಗಿಲನ್ನು ಎಳೆದು ನೋಡಿದರು, ಕಿಟಕಿ ಅಲ್ಲಾಡಿಸಿದರು. ಹಿತ್ತಿಲಿನಿಂದ ರಸ್ತೆಗೆ ಎಷ್ಟು ದಾರಿ ಎಂದು ವಿಚಾರಿಸಿದರು. ಅಂಗಳದ ತೆಂಗಿನ ಮರದ ಕೆಳಗೆ ಬಂದಾಗ ತಲೆಯ ಮೇಲೆ ಚೀಲ ಹಿಡಿದುಕೊಂಡು ಓಡಿದರು.

"ಎಂತ ಅಕ್ಕೋರೆ, ಮನೆ ಖರೀದಿ ಮಾಡೂಕೆ ಬಂದೀರೋ, ಕಳ್ಳತನ ಮಾಡೂಕೆ ದಾರಿ ನೋಡ್ತ್ರೋ?" ಎಂದೆ.

ಅವರು ಬಚ್ಚಲುಮನೆಯ ಮುಂದೆ ನಿಂತಿದ್ದರು. "ಇದಕ್ಕ ಒಳಗಿಂದ ಚಿಲಕಿಲ್ಲಲ್ಲ ಅಕ್ಕ?"

"ಚಿಲ್ಕ ಎಂತಕ್ಕೆ? ಒಳ್ಗೆ ಹೋದವ್ರು ಹಾಡ್ತಾ ಇರೂದು. ಹೊರಗಿದ್ದವ್ರಿಗೆ ತಿಳೀತದೆ."

"ನನ್ನ ಹುಡುಗೂರಿಗೆ ಹಾಡಾಕ ಬರೂದಿಲ್ಲ" ಎಂದು ಹೇಳಿ ತಮ್ಮ ಚೀಲಕ್ಕೆ ಕೈ ಹಾಕಿದರು. ಹೊಸ ಚಿಲಕ, ತಿರುಪು, ತಿರುಪುಳಿ ಎಲ್ಲ ಬಂತು. ಅಲ್ಲೇ ಕುಕ್ಕರುಗಾಲಿನಲ್ಲಿ ಕುಳಿತು ತಾವೇ ಕೂರಿಸಿದರು. ಓದಿದ ಹೆಂಗಸಿನ ಚೀಲದಲ್ಲಿ ಪುಸ್ತಕ ಇರುತ್ತದೆ, ಹಣಿಗೆ ಇರುತ್ತದೆ. ಚಿಲಕ ಇಟ್ಟುಕೊಂಡು ಊರೂರು ತಿರುಗುವವಳನ್ನು ನಾನು ಆವತ್ತೇ ನೋಡಿದ್ದು. ಬಚ್ಚಲಲ್ಲಿ ಹಾಡುವ ನನ್ನ ಅಭ್ಯಾಸ ಮಾತ್ರ ಹೋಗಲಿಲ್ಲ. ಈಗ ಚಿಲಕ ಹಾಕಿಕೊಂಡು ಹಾಡುತ್ತೇನೆ.

ನಾಯಿ ಕಂಡರೆ ಹೆದರುತ್ತಿದ್ದರು. ಏಡಿ ಕಂಡರೆ ಸೀರೆಯ ನಿರಿಗೆ ಮೇಲೆತ್ತುತ್ತಿದ್ದರು. ಏಡಿಯ ವಿಷಯದಲ್ಲಿ ಪುಸ್ತಕ ಬರೆದವರು! ಈಜು ಬರುತ್ತಿರಲಿಲ್ಲ. ಒಮ್ಮೆ ಹಣಕೋಣದಲ್ಲಿ ಕಾಳಿ ನದಿಗೆ ದೋಣಿಯಲ್ಲಿ ಇಳಿಯುವುದಿತ್ತು. ತೇಲುವ ಅಂಗಿಯನ್ನು ಅವರು ಬಸ್ಸಿನಲ್ಲೇ ತೊಟ್ಟುಕೊಂಡು ಕುಳಿತಿದ್ದರು. ಕಂಡಕ್ಟರ್, "ಬಾಯೋರೆ, ಬಸ್ಸು ಮುಳಗೂದಿಲ್ಲ" ಎಂದ. "ಸೇತುವಿ ಮ್ಯಾಲೆ ಹೋಗ್ತೈತಲ್ರಿ" ಎಂದರು ಇವರು. ಮೀನಿನ ಜಾತಿಯನ್ನೆಲ್ಲ ಹೆಸರು ಹಿಡಿದು ಹೇಳುತ್ತಿದ್ದರು, ಊಟಕ್ಕೆ ಕೂತರೆ ಮುಳ್ಳಿಗೆ ಹೆದರಿ ಬರೀ ಸಾರು ಸುರಿದುಕೊಳ್ಳುತ್ತಿದ್ದರು.

ತಾವು ಹೆದರಿದ್ದು ಸಾಲದು, ಉಳಿದವರಿಗೂ ಹೆದರಲು ಕಲಿಸುತ್ತಿದ್ದರು. ಮರುದಿನ ಕೆಸರಿಗೆ ಇಳಿಯುವುದಿದ್ದರೆ ಹಿಂದಿನ ಸಂಜೆ ದೀಪ ಹಚ್ಚಿದ ಮೇಲೆ ಎಲ್ಲರನ್ನೂ ನಮ್ಮ ಜಗುಲಿಯಲ್ಲಿ ಕೂರಿಸುತ್ತಿದ್ದರು. "ಯಾರಿಗೆ ಯಾತರ ಅಂಜಿಕಿ ಐತಿ, ಹೇಳ್ರಿ" ಎನ್ನುತ್ತಿದ್ದರು. ಒಬ್ಬೊಬ್ಬರೂ ಹೇಳಬೇಕು. ಹಾವು ಎನ್ನುವರು, ಕೆಸರಲ್ಲಿ ಕಾಲು ಸಿಕ್ಕಿಕೊಳ್ಳುವುದು ಎನ್ನುವರು. ಬಯಲಲ್ಲಿ ಮೂತ್ರಕ್ಕೆ ಹೋಗಬೇಕಲ್ಲ ಎಂದು ಹೆದರಿ ಬೆಳಗಿನಿಂದ ನೀರೇ ಕುಡಿಯುವುದಿಲ್ಲ ಎಂದು ಒಬ್ಬ ಹುಡುಗಿ ಗೋಡೆ ನೋಡುತ್ತ ಹೇಳಿದಳು. ಬಿಸಿಲಿಗೆ ಹಿಂದಿನ ವಾರ ಅವಳು ತಲೆ ತಿರುಗಿ ಬಿದ್ದದ್ದು ಯಾಕೆಂದು ಆಗ ತಿಳಿಯಿತು. ಮರುದಿನವೇ ದಂಡೆಯ ಮೇಲೆ ನಾಲ್ಕು ಗಳ ನೆಟ್ಟು, ನನ್ನ ಹಳೆಯ ಸೀರೆ ಸುತ್ತಿ ಮರೆ ಮಾಡಿಸಿದರು. ಅಂದಿನಿಂದ ಎಲ್ಲಿ ಹೋದರೂ ಮೊದಲು ಆ ಮರೆ, ಆಮೇಲೆ ವಿಜ್ಞಾನ.

"ನನಗೆ ಯಾವ ಹೆದರಿಕೆಯೂ ಇಲ್ಲ ಮೇಡಂ" ಎಂದು ಒಬ್ಬ ಹುಡುಗ ಎದೆ ಉಬ್ಬಿಸಿ ಹೇಳಿದ. ಅಕ್ಕೋರು, "ಹಂಗಾದ್ರ ನೀ ನಾಳೆ ಕೆಸರಿಗೆ ಬ್ಯಾಡ. ಅಕ್ಕಗ ಅಡಿಗಿ ಮಾಡಾಕ ಸಹಾಯ ಮಾಡು" ಎಂದರು. ಆ ಹುಡುಗ ಇಡೀ ದಿನ ನನ್ನೊಂದಿಗೆ ತೆಂಗಿನಕಾಯಿ ತುರಿದ. ಸಂಜೆ ಹೊತ್ತಿಗೆ ಅವನಿಗೆ ನನ್ನ ಹೆದರಿಕೆ ಚೆನ್ನಾಗಿ ಹತ್ತಿತ್ತು.

"ಅಂಜಿಕೀನ ಬೈಬ್ಯಾಡ್ರಿ" ಎನ್ನುತ್ತಿದ್ದರು ಅಕ್ಕೋರು. "ಅದು ನಮಗಿಂತ ಮೊದಲ ಎದ್ದಿರ್ತದ."

ಬೈತಖೋಲದಲ್ಲಿ ನಡೆದದ್ದನ್ನು ಹೇಳದಿದ್ದರೆ ನನ್ನ ಹೊಟ್ಟೆ ಉಬ್ಬುತ್ತದೆ. ಟ್ರಾಲರುಗಳ ಬಲೆಯಲ್ಲಿ ಮೀನಿನ ಜೊತೆ ಬೇರೆ ಏನೇನು ಬರುತ್ತದೆ ಎಂದು ನೋಡಲು ಹುಡುಗಿಯರನ್ನು ಬಂದರಿಗೆ ಕರೆದೊಯ್ದಿದ್ದರು. ನನಗೆ ಅಲ್ಲಿಯ ಗುರುತು ಪರಿಚಯ ಇದೆಯೆಂದು ನಾನೂ ಜೊತೆಗೆ. ಹರಾಜಿನ ಹೊತ್ತು, ಜನ ಒಬ್ಬರ ಮೇಲೊಬ್ಬರು. ಒಬ್ಬ ಮನುಷ್ಯ ಗದ್ದಲದ ನೆವ ಮಾಡಿಕೊಂಡು ನಮ್ಮ ಹುಡುಗಿಯೊಬ್ಬಳ ಮೈಗೆ ಉಜ್ಜಿಕೊಂಡು ಹೋದ. ತಿರುಗಿ ಬಂದ. ಮತ್ತೆ ಉಜ್ಜಿದ. ಹುಡುಗಿ ಕಲ್ಲಿನಂತೆ ನಿಂತುಬಿಟ್ಟಳು.

ಅಕ್ಕೋರಿಗೆ ಹೆದರಿಕೆಯಾದರೆ ದನಿ ಹೋಗುತ್ತದೆ. ಬಾಯಿ ತೆರೆದರು, ಗಾಳಿ ಮಾತ್ರ ಬಂತು. ಆದರೆ ಅವರ ಕೊರಳಲ್ಲಿ ಯಾವಾಗಲೂ ಒಂದು ಸೀಟಿ ಇರುತ್ತಿತ್ತು. ಅದನ್ನು ಊದಿದರು ನೋಡಿ, ಹರಾಜು ನಿಂತಿತು. ಕೂಗುತ್ತಿದ್ದವನ ಬಾಯಿ ತೆರೆದದ್ದು ತೆರೆದೇ ಇತ್ತು. ಇಡೀ ಬಂದರು ಇವರ ಕಡೆ ತಿರುಗಿತು. ಅಕ್ಕೋರು ಗಡಗಡ ನಡುಗುತ್ತ, ಆ ಮನುಷ್ಯನನ್ನು ತೋರಿಸಿ, ಕೀಚಲು ದನಿಯಲ್ಲಿ, "ಏನಿಲ್ರಿ, ಇವರ ಕೈ ದಾರಿ ತಪ್ಪೇದ. ಯಾರರ ಮನಿ ಮುಟ್ಟಸ್ರಿ" ಎಂದರು.

ಉಳಿದದ್ದನ್ನು ನಮ್ಮ ಮೀನಿನ ಹೆಂಗಸರು ನೋಡಿಕೊಂಡರು. ಬಂಗಡೆ ತೊಳೆದ ನೀರು ಒಂದು ಬಕೆಟ್ ಅವನ ನೆತ್ತಿಯ ಮೇಲೆ ಬಿತ್ತು. ಯಾರು ಸುರಿದರೆಂದು ನಾನು ಹೇಳುವುದಿಲ್ಲ. ಬಕೆಟ್ ನನ್ನದು.

ಬಸ್ಸಿನಲ್ಲಿ ಹಿಂದಿರುಗುವಾಗ ಅಂಕೋಲೆ ಬರುವ ತನಕ ಅಕ್ಕೋರು ಪ್ರತಿ ನಿಲ್ದಾಣದಲ್ಲೂ ಹಿಂದೆ ತಿರುಗಿ ನೋಡುತ್ತಿದ್ದರು. ಆ ಹುಡುಗಿಯ ಕೈಯನ್ನು ಮಾತ್ರ ಬಿಟ್ಟಿರಲಿಲ್ಲ.

ಇನ್ನು ಕೂಗಿನ ವಿಷಯ. ಕಡಲ ಇಳಿತದ ಹೊತ್ತಿಗೆ ನಾವು ಹೆಂಗಸರು ಅಳಿವೆಯ ಕೆಸರಿನಲ್ಲಿ ಬಳಚು ಎನ್ನುವ ಚಿಪ್ಪಿಮೀನು ಹೆಕ್ಕಲು ಹೋಗುತ್ತೇವೆ. ಬಗ್ಗಿದ ತಲೆ ಮೇಲೆತ್ತುವುದಿಲ್ಲ. ಒಬ್ಬಳು ಇಲ್ಲಿ, ಒಬ್ಬಳು ಉಪ್ಪುನೀರಿನಲ್ಲೇ ಬೇರು ಬಿಟ್ಟು ನಿಂತ ಕಾಂಡ್ಲಾ ಗಿಡಗಳ ಆ ಮಗ್ಗುಲಲ್ಲಿ. ಭರತಿಯ ನೀರು ಕಳ್ಳನ ಹಾಗೆ ಹಿಂದಿನಿಂದ ಬರುತ್ತದೆ. ಅದಕ್ಕೇ ಹಿಂದಿನಿಂದ ಬಂದ ಪದ್ಧತಿ ಇದೆ. ನೀರು ತಿರುಗಿದ್ದು ಯಾರ ಕಾಲಿಗೆ ಮೊದಲು ತಾಗುತ್ತದೋ ಅವಳು "ಕೂ" ಎಂದು ಉದ್ದಕ್ಕೆ ಕೂಗುತ್ತಾಳೆ. ಉಳಿದವರೆಲ್ಲ ಒಬ್ಬೊಬ್ಬರಾಗಿ "ಕೂ" ಎಂದು ಓಗೊಡಬೇಕು. ಎಲ್ಲರ ದನಿ ಬರುವ ತನಕ ಯಾರೂ ಬುಟ್ಟಿ ತಲೆಗೆ ಏರಿಸುವುದಿಲ್ಲ. ನನ್ನ ಅತ್ತೆಯ ತಂಗಿ ಒಬ್ಬಳು ಹಾಗೆ ಓಗೊಡದೆ ಅಲ್ಲೇ ಉಳಿದವಳು. ಅವಳು ಹೋದ ಜಾಗದಲ್ಲಿ ಈಗಲೂ ನಾವು ಕಾಲಿಡುವುದಿಲ್ಲ.

ಅಕ್ಕೋರಿಗೆ ಈ ಕೂಗು ಬಹಳ ಹಿಡಿಸಿತು. "ಇದನ್ನ ನನ್ನ ಹುಡುಗೂರಿಗೂ ಕಲಸ್ರಿ ಅಕ್ಕ" ಎಂದರು. ಮೊದಲ ದಿನ ಆ ಓದಿದ ಮಕ್ಕಳಿಗೆ ನಾಚಿಕೆ. ಎರಡು ದಿನದಲ್ಲಿ ಜಗುಲಿಯಲ್ಲಿ ಚಹಾ ಬೇಕಾದರೂ ಕೂ ಎನ್ನತೊಡಗಿದರು.

ನಾನು ತುಂಟಾಟಕ್ಕೆ ಒಮ್ಮೊಮ್ಮೆ ತಡಮಾಡಿ ಓಗೊಡುತ್ತಿದ್ದೆ. ಒಂದು ಸಲ ದಂಡೆಗೆ ಬಂದು ನೋಡಿದರೆ ಅಕ್ಕೋರ ಮುಖದಲ್ಲಿ ರಕ್ತವಿಲ್ಲ.

"ಇನ್ನೊಮ್ಮೆ ಹಿಂಗ ಮಾಡಿದ್ರ ನಿಮ್ಮ ಮನಿ ಊಟ ಬಿಡ್ತೇನಿ ಅಕ್ಕ."

"ಬಿಡೂದಾದ್ರೆ ನಾಳಿಂದ ಬಿಡಿ. ಇವತ್ತು ಬಂಗ್ಡೆ ಸಾರು ಆಗೋಯ್ತು."

ಅವರು ನಗಲಿಲ್ಲ. ನಾನೂ ಆಮೇಲೆ ಆ ಆಟ ಆಡಲಿಲ್ಲ.

ಆ ವರ್ಷದ ಹುಡುಗಿಯರಲ್ಲಿ ಒಬ್ಬಳು ಏಡಿಗಳ ಮೇಲೆ ಓದುತ್ತಿದ್ದಳು. ನಾನು ಅವಳನ್ನು ಏಡಿ ಹುಡುಗಿ ಎನ್ನುತ್ತಿದ್ದೆ, ಇಲ್ಲಿಯೂ ಹಾಗೇ ಇರಲಿ. ಕೆಸರಿನ ತೂತುಗಳ ಮುಂದೆ ಬಗ್ಗಿ ಕುಳಿತರೆ ಊಟದ ನೆನಪೂ ಇಲ್ಲ. ಅವಳ ಓದು ಮುಗಿಯಬೇಕಾದರೆ ದೊಡ್ಡ ಆಫೀಸಿನ ಒಬ್ಬ ಸಾಹೇಬರ ರುಜು ಬೀಳಬೇಕಿತ್ತು. ಆ ದೊಡ್ಡ ಸಾರ್ ಕೆಲಸ ನೋಡಲೆಂದು ನಮ್ಮೂರಿಗೆ ಬಂದರು.

ಬಂದ ಸಂಜೆಯೇ ಜಗುಲಿಯಲ್ಲಿ ಅಕ್ಕೋರು ಹೆದರಿಕೆ ಕೇಳುವಾಗ ಅವರು ಕುರ್ಚಿಯಲ್ಲಿ ಕುಳಿತು ನಗುತ್ತಿದ್ದರು. "ಏನ್ ಮೇಡಂ, ಸೈನ್ಸ್ ಮಾಡ್ತೀರೋ, ಭೂತ ಬಿಡಿಸ್ತೀರೋ?" ಎಂದರು. ಎಲ್ಲರೂ ಹೇಳಿಯಾದ ಮೇಲೆ ಏಡಿ ಹುಡುಗಿಯ ಸರದಿ ಬಂತು. ಎಂದೂ ಪಟಪಟ ಮಾತಾಡುವವಳು ಅಂದು, "ಏನಿಲ್ಲ ಮೇಡಂ" ಎಂದಳು. ಅಕ್ಕೋರು ಅವಳನ್ನೇ ನೋಡಿದರು. ನಿಯಮದಂತೆ ಅವಳನ್ನು ಮರುದಿನ ಅಡುಗೆಮನೆಗೆ ಹಾಕಬೇಕಿತ್ತು. "ನಾನೇ ಬಂದಿರುವುದು ಇವಳ ಕೆಲಸ ನೋಡಲು, ಇವಳೇ ಬರದಿದ್ದರೆ ಹೇಗೆ?" ಎಂದರು ದೊಡ್ಡ ಸಾರ್. ಅಕ್ಕೋರು ಒಪ್ಪಬೇಕಾಯಿತು. ಆದರೆ ಇನ್ನೊಬ್ಬ ಹುಡುಗಿಯನ್ನು ಕರೆದು, "ನೀ ಆಕಿ ನೆಳ್ಳು. ಬಿಟ್ಟ ಅಲ್ಲಾಡಬ್ಯಾಡ" ಎಂದು ಹೇಳಿದರು.

ಮಾರನೆಯ ಮಧ್ಯಾಹ್ನ ಇಳಿತ. ಅಕ್ಕೋರು ಉಳಿದ ಮಕ್ಕಳೊಂದಿಗೆ ಅಳಿವೆಯ ಬಾಯಿಯ ಕಡೆ ಇದ್ದರು. ನಾನು, ಪಕ್ಕದ ಮನೆಯ ಬೀರಮ್ಮ, ಇನ್ನೂ ಕೆಲವರು ನಡುವೆ ಬಳಚು ಹೆಕ್ಕುತ್ತಿದ್ದೆವು. ಏಡಿ ಹುಡುಗಿ ಕಾಂಡ್ಲಾ ಗಿಡಗಳ ಆ ಮಗ್ಗುಲಲ್ಲಿ, ದೊಡ್ಡ ಸಾರ್ ಅಲ್ಲಿಯದೇ ದಂಡೆಯ ಮೇಲೆ. ನೆರಳಾಗಿದ್ದ ಹುಡುಗಿ ಮನೆಯ ಕಡೆಗೆ ಓಡುವುದನ್ನು ಕಂಡೆ. ಸಾರ್ ಯಾವುದೋ ಡಬ್ಬಿ ಬೇಕೆಂದು ಕಳಿಸಿದರಂತೆ. ದೊಡ್ಡವರು ಹೇಳಿದರೆ ಸಣ್ಣ ಹುಡುಗಿ ಇಲ್ಲವೆನ್ನುವುದು ಹೇಗೆ?

ನೀರು ತಿರುಗಿದ್ದು ಬೀರಮ್ಮನ ಕಾಲಿಗೆ ತಾಗಿತು. "ಕೂ" ಎಂದಳು. ನಾವೆಲ್ಲ ಓಗೊಟ್ಟೆವು. ಅಳಿವೆಯ ಬಾಯಿಯಿಂದ ಮಕ್ಕಳ ದನಿಗಳು ಬಂದವು. ಏಡಿ ಹುಡುಗಿಯ ದನಿ ಬರಲಿಲ್ಲ.

ಬೀರಮ್ಮ ಮತ್ತೆ ಕೂಗಿದಳು. ಇಲ್ಲ.

ಆಗ ದಂಡೆಯ ಮೇಲೆ ದೊಡ್ಡ ಸಾರ್ ಕಾಣಿಸಿದರು. ಅವಳ ಹೆಸರು ಹಿಡಿದು ಕೂಗುತ್ತಿದ್ದರು. "ಇಲ್ಲೇ ಇದ್ದಳು, ಎಲ್ಲಿ ಹೋದಳೋ ಗೊತ್ತಿಲ್ಲ" ಎಂದರು. ಕೆಸರು ನುಂಗಿತು ಎಂದೇ ನಾವೆಲ್ಲ ತಿಳಿದದ್ದು. ನಮ್ಮವರಿಗೆ ಓಗೊಡಲಿಲ್ಲ ಎಂದರೆ ಒಂದೇ ಅರ್ಥ, ನೀರು. ಬೇರೆ ಅರ್ಥ ಇರಬಹುದೆಂದು ನಮ್ಮ ಹಿರಿಯರು ಹೇಳಿಕೊಟ್ಟಿರಲಿಲ್ಲ. ಎದೆ ಬಡಿದುಕೊಂಡು, ಗಂಟಲು ಹರಿಯುವಂತೆ ಕೂಗಿದೆವು. ನೀರು ಪಾದ ದಾಟಿ ಕಣಕಾಲಿಗೆ ಏರುತ್ತಿತ್ತು.

ಅಕ್ಕೋರು ಓಡುತ್ತ, ಬೀಳುತ್ತ ಬಂದರು. ಒಂದು ಕ್ಷಣ ದೊಡ್ಡ ಸಾರನ್ನು ಅಡಿಯಿಂದ ಮುಡಿಯ ತನಕ ನೋಡಿದರು. ಬೆಳಗಿನಿಂದ ದಂಡೆಯಿಂದ ಇಳಿಯದೆ, ಬೂಟು ಹಾಳಾಗುತ್ತದೆ ಎನ್ನುತ್ತಿದ್ದ ಮನುಷ್ಯ. ಈಗ ಮೊಣಕಾಲ ತನಕ ಕೆಸರು. ಅಂಗಿಯ ಎದೆಯ ಮೇಲೆ ಯಾರೋ ಎರಡೂ ಕೈಯಿಂದ ದೂಡಿದ ಹಾಗೆ ಕೆಸರು.

ಅಕ್ಕೋರು ನಮ್ಮ ಕಡೆ ತಿರುಗಿದರು. "ಕೂಗೂದ ನಿಲ್ಲಸ್ರಿ" ಎಂದರು. ದನಿ ಇರಲಿಲ್ಲ, ತುಟಿ ಮಾತ್ರ ಆಡಿತು.

"ಹುಚ್ಚನ್ರಾ ನಿಮ್ಗೆ? ನೀರು ಏರ್ತಾ ಬಂತು, ಹುಡ್ಗಿ ಎಲ್ಲಿದ್ದೋ ಎಂತೋ!" ಎಂದೆ.

ನನ್ನ ತೋಳು ಹಿಡಿದು ಹತ್ತಿರ ಎಳೆದರು. "ಆಕಿಗೆ ಕೇಳಸ್ತದ ಅಕ್ಕ. ಆಕಿ ಓ ಅಂದ್ರ ಯಾರ್‍ಯಾರಿಗೆ ಕೇಳಸ್ತದ, ನೋಡ್ರಿ."

ನೋಡಿದೆ. ದೊಡ್ಡ ಸಾರ್ ಕೂಗುವುದನ್ನು ನಿಲ್ಲಿಸಿ ಕಿವಿಗೊಟ್ಟು ನಿಂತಿದ್ದರು. ಗಿಡಗಳ ಕಡೆ ಕಣ್ಣು. ಬೀರಮ್ಮ ಮತ್ತೆ ಕೂಗಲು ಬಾಯಿ ತೆರೆದಳು, ಅವಳ ತೋಳು ಹಿಡಿದು ತಡೆದೆ.

"ಸರ್, ನೀವು ಮನೀಗೆ ನಡೀರಿ" ಎಂದರು ಅಕ್ಕೋರು.

"ನನ್ನ ಜವಾಬ್ದಾರಿ ಅದು, ನಾನೂ ಹುಡುಕ್ತೀನಿ" ಎಂದು ಅವರು ಇಳಿಯಲು ಬಂದರು. ಅಕ್ಕೋರು ಅಡ್ಡ ನಿಂತರು. ಮುಂದೆ ಮಾತು ಹೊರಡಲಿಲ್ಲ.

ನಾನು ಬುಟ್ಟಿ ಸೊಂಟಕ್ಕಿಟ್ಟು ನಡುವೆ ನುಗ್ಗಿದೆ. "ಅಯ್ಯೋ ಸಾರ್, ಭರತಿ ಏರೂ ಹೊತ್ತಿಗೆ ಗಂಡಸ್ರು ಇಲ್ಲಿ ನಿಂತ್ಕಂಡ್ರೆ ನಮ್ಮೂರ ಜಟಕ ಬಿಡೂದಿಲ್ಲ. ಹೋದ ವರ್ಷ ಒಬ್ಬವ ನಿಂತಿದ್ದ, ಈಗ ಕೈ ಎತ್ತಿ ಉಣ್ಣೂಕೆ ಬತ್ತಿಲ್ಲ ಅವಂಗೆ. ಏ ಬೀರಮ್ಮ, ಸಾರನ್ನ ರಸ್ತೆ ತನ್ಕ ಮುಟ್ಟಿಸಿ ಬಾರೆ!"

ಅಂಥ ನಂಬಿಕೆ ನಮ್ಮೂರಲ್ಲಿ ಇಲ್ಲ. ಊರು ಕಾಯುವ ದೇವರು ಜಟಕನ ಮೇಲೆ ಆಗಷ್ಟೇ ಹೊರಿಸಿದ್ದು. ಬೀರಮ್ಮ ಮುಖದ ಒಂದು ಗೆರೆಯನ್ನೂ ಅಲ್ಲಾಡಿಸದೆ, "ಹೌದು ಸಾರ್, ಎಡಗೈ" ಎಂದಳು. ಹೆಂಗಸರೆಲ್ಲ ಕೆಸರು ಬುಟ್ಟಿಗಳನ್ನು ಹಿಡಿದುಕೊಂಡು ಅವರನ್ನು ಸುತ್ತಿ, ಬಾತುಕೋಳಿ ಅಟ್ಟುವ ಹಾಗೆ ಅಟ್ಟಿಕೊಂಡು ಹೋದರು.

ಅಕ್ಕೋರು ತೇಲುವ ಅಂಗಿಯ ದಾರ ಬಿಗಿದುಕೊಂಡು ಕೆಸರಿಗೆ ಇಳಿದರು. ಅಲ್ಲಿಯ ತನಕ ಅವರು ಅಷ್ಟು ಒಳಗೆ ಬಂದದ್ದನ್ನು ನಾನು ಕಂಡಿರಲಿಲ್ಲ. ಕಾಲ ಮೇಲೆ ಏಡಿಗಳು ಹರಿದಾಡುತ್ತಿದ್ದವು. ಮೈ ಜುಮ್ಮೆನ್ನುತ್ತಿದ್ದುದು ಹಿಂದಿದ್ದ ನನಗೆ ಕಾಣುತ್ತಿತ್ತು. ಕೂಗಲಿಲ್ಲ. ಅಡುಗೆಮನೆಯಲ್ಲಿ ಪಕ್ಕದವರಿಗೆ ಹೇಳುವಷ್ಟೇ ದನಿಯಲ್ಲಿ ಮಾತಾಡುತ್ತ ಗಿಡಗಳ ಸಾಲಿನುದ್ದ ಹೋದರು.

"ನಾನವ್ವಾ, ನಿಮ್ಮ ಮೇಡಂ. ಅವರು ಹೋದರು, ರಸ್ತೀಗೆ ಮುಟ್ಟಿದ್ರು. ನಾನು, ಅಕ್ಕ, ಇಬ್ಬರ ಅದೇವಿ. ನೀ ಓ ಅನ್ನೂದ ಬ್ಯಾಡ. ಗಿಡ ಅಲ್ಲಾಡ್ಸಿದ್ರ ಸಾಕು. ನನಗೂ ಭಾಳ ಅಂಜಿಕಿ ಆಗೇದವ್ವಾ."

ಮತ್ತೆ ಮತ್ತೆ ಅದನ್ನೇ ಹೇಳುತ್ತ ನಡೆದರು. ನೀರು ನನ್ನ ತೊಡೆಗೆ ಬಂತು. ಅತ್ತೆಯ ತಂಗಿ ಹೋದ ಜಾಗ ಹತ್ತಿರದಲ್ಲೇ ಇತ್ತು. ತಿರುಗಿ ಹೋಗೋಣ ಎಂದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಆಗ ಗಾಳಿ ಇಲ್ಲದ ಕಡೆ ಒಂದು ಕೊಂಬೆ ಅಲ್ಲಾಡಿತು.

ಕಾಂಡ್ಲಾ ಬೇರುಗಳ ನಡುವೆ ಅವಳು ಕುಳಿತಿದ್ದಳು. ಎದೆಯ ತನಕ ನೀರು. ಒಂದು ಕೈಯಲ್ಲಿ ಬೇರು, ಇನ್ನೊಂದು ಕೈ ಬಾಯಿಯ ಮೇಲೆ. ನಾವು ಕೂಗಿದ್ದೆಲ್ಲ ಅವಳಿಗೆ ಕೇಳಿಸಿತ್ತು. ನಮ್ಮ ಕೂಗಿಗೆ ಬಾಯಿ ತಾನಾಗಿ ತೆರೆದುಬಿಟ್ಟೀತೆಂದು ಕೈಯಿಂದ ಮುಚ್ಚಿ ಹಿಡಿದಿದ್ದಳು.

ಮನೆಗೆ ಬಂದವಳೇ ಬಚ್ಚಲಿಗೆ ಹೋಗಿ ಅಕ್ಕೋರು ಕೂರಿಸಿದ ಚಿಲಕ ಹಾಕಿಕೊಂಡಳು. ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ನಾನು ಬಾಗಿಲು ತಟ್ಟಲು ಹೋದೆ. ಅಕ್ಕೋರು ಹೊರಗೆ ನೆಲದ ಮೇಲೆ ಕುಳಿತಿದ್ದರು. "ಬ್ಯಾಡ ಅಕ್ಕ. ಆಕಿ ತಗೀಲಿ. ಆಕಿ ಹೇಳೂತನಕಾ ಏನೂ ಕೇಳಬ್ಯಾಡ್ರಿ" ಎಂದರು. ಸ್ವಲ್ಪ ಹೊತ್ತಿನ ಮೇಲೆ ಬಾಗಿಲನ್ನೇ ನೋಡುತ್ತ, "ನಾನೂ ಒಮ್ಮೆ ಓಗೊಟ್ಟಿದ್ದಿಲ್ಲ. ಯಾರಿಗೆ ಅಂಜಿ ಅಡಗಿದ್ನೋ, ನನ್ನ ಹುಡುಕಾಕ ಬಂದಾವ ಅವನ ಇದ್ದ" ಎಂದರು.

ಅದಕ್ಕಿಂತ ಹೆಚ್ಚು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಚೀಲದಲ್ಲಿ ಚಿಲಕ ಯಾಕಿತ್ತೆಂದು ಆವತ್ತು ತಿಳಿಯಿತು.

ದೂರು ಕೊಟ್ಟರು. ಹುಡುಗಿ ಕೊಟ್ಟಳು, ಅಕ್ಕೋರು ಅವಳ ಪಕ್ಕದಲ್ಲಿ ಕುಳಿತರು. ಆಮೇಲೆ ಅಕ್ಕೋರ ಫೋನು ಬಡಿದುಕೊಂಡಾಗಲೆಲ್ಲ ಅವರ ಕೈಯ ಬಸಿಯಲ್ಲಿ ಚಹಾ ತುಳುಕುತ್ತಿತ್ತು. ಹಿಂದೆಗೆದುಕೊಳ್ಳಿ, ಹುಡುಗಿಯ ಓದು ಹಾಳಾಗುತ್ತದೆ, ನಿಮ್ಮ ಬಡ್ತಿ ಹೋಗುತ್ತದೆ ಎಂದು ಯಾರು ಯಾರೋ ಹೇಳಿದರು. ಬಡ್ತಿ ಹೋಯಿತು. ಅಕ್ಕೋರು ಹೆದರಿ ಹೆದರಿ ಸಣ್ಣಗಾದರು, ಹಿಂದೆಗೆಯಲಿಲ್ಲ. ದೊಡ್ಡ ಸಾರನ್ನು ದೂರದ ಊರಿಗೆ ಕಳಿಸಿದರು. ಹುಡುಗಿಯ ಓದಿಗೆ ಬೇರೆಯವರ ರುಜು ಬಿತ್ತು.

ನಮ್ಮ ಕೂಗಿಗೂ ಅಕ್ಕೋರು ಒಂದು ಮಾತು ಸೇರಿಸಿದರು. ಓಗೊಡದಿದ್ದರೆ ಮತ್ತೆ ಕೂಗಬೇಡ, ಹೋಗು. ಈಗ ನಾವು ಬಳಚು ಹೆಕ್ಕುವವರೂ ಹಾಗೇ ಮಾಡುತ್ತೇವೆ.

ದೂರದ ಊರಿಗೆ ಹೋದವರು ತಿರುಗಿ ಬರುವುದಿಲ್ಲವೆಂದು ನಾನು ತಿಳಿದದ್ದೇ ತಪ್ಪು. ದೊಡ್ಡ ಸಾರ್ ಮೊದಲಿಗಿಂತ ದೊಡ್ಡ ಕುರ್ಚಿಗೆ ಬಂದಿದ್ದರು. ಈಗ ಬೀಳ್ಕೊಡುಗೆಯ ವೇದಿಕೆಯ ಮೇಲೆ, ಅಕ್ಕೋರಿಗೆ ಹೊದಿಸಲು ಶಾಲು ಬಿಚ್ಚಿ ಹಿಡಿದು ನಿಂತಿದ್ದರು.

ಮೈಕಿನವರು ಅಕ್ಕೋರ ಹೆಸರು ಕೂಗಿದರು. ಅವರ ಕುರ್ಚಿ ಖಾಲಿ ಇತ್ತು. ಮತ್ತೊಮ್ಮೆ ಕೂಗಿದರು. "ಮೇಡಂ ಸಮುದ್ರಕ್ಕೇ ಹೋಗಿಬಿಟ್ಟರೇನೋ" ಎಂದು ತಮಾಷೆ ಮಾಡಿದರು. ಸಭೆ ನಕ್ಕಿತು. ನಾನು ಎದ್ದೆ.

ಸಭಾಂಗಣದ ಹಿಂದೆ, ಕೈ ತೊಳೆಯುವ ನಲ್ಲಿಯ ಹತ್ತಿರ ಅಕ್ಕೋರು ಗೋಡೆಗೆ ಒರಗಿ ನಿಂತಿದ್ದರು. ಪಕ್ಕದಲ್ಲಿ ಏಡಿ ಹುಡುಗಿ. ಅವಳೀಗ ಅಕ್ಕೋರ ಆಫೀಸಿನಲ್ಲೇ ಹೊಸದಾಗಿ ಕೆಲಸಕ್ಕೆ ಸೇರಿದವಳು. ಮುಖ ಬಿಳುಚಿತ್ತು.

"ಅಂಜಿಕಿ ಆಗೇದ ಅಕ್ಕ" ಎಂದರು ಅಕ್ಕೋರು.

"ನಂಗೂ."

"ಅವರ ಕೈಲೆ ಶಾಲು ಹೊಚ್ಚಿಸ್ಕೊಂಡ್ರ, ಆ ಹೊಸಾ ಹುಡುಗೂರ್ನ ನಾನ ಕೈ ಹಿಡದು ಅವರಿಗೆ ಕೊಟ್ಟಂಗ."

"ಹಂಗಾದ್ರೆ ಹೋಗೂದೇ ಬೇಡ. ನಡೀರಿ, ಬಸ್ಸು ಹತ್ತೂದು."

"ಓಡಿ ಹೋದ್ರೂ ಕೊಟ್ಟಂಗ. ಹೇಳಬೇಕು. ಆದ್ರ ದನಿ ಬರವಲ್ದು."

"ನಾನು ಹೇಳ್ತೇನೆ" ಎಂದು ಏಡಿ ಹುಡುಗಿ ಒಂದು ಹೆಜ್ಜೆ ಇಟ್ಟಳು. ಅವಳ ಮಾತೂ ಅಲ್ಲಿಗೇ ನಿಂತಿತು.

ಇಬ್ಬರು ಓದಿದವರಿಗೂ ದನಿ ಇಲ್ಲ. ಬಂದರಿನಲ್ಲಿ ಸವೆದ ದನಿ ಒಂದು ನನ್ನಲ್ಲಿತ್ತು. ಆದರೆ ಸಭೆಯಲ್ಲಿ ಮಾತಾಡಿ ನನಗೆ ಗೊತ್ತಿಲ್ಲ. ಪಕ್ಕದ ಬಾಗಿಲಿಗೆ ಹೋಗಿ ನಿಂತೆ. ಅಷ್ಟೂ ತಲೆಗಳನ್ನು ಕಂಡು, ನೀರು ತಿರುಗಿದ್ದು ನನ್ನ ಕಾಲಿಗೇ ತಾಗಿದ ಹಾಗಾಯಿತು. ಕಣ್ಣು ಮುಚ್ಚಿ, ನನಗೆ ಗೊತ್ತಿದ್ದ ಒಂದನ್ನು ಮಾಡಿದೆ.

"ಕೂ..."

ಸಭೆ ಸ್ತಬ್ಧವಾಯಿತು. ಯಾರೂ ಓಗೊಡಲಿಲ್ಲ. ಆ ಮೌನದಲ್ಲಿ ನನಗಾದ ಹೆದರಿಕೆ ಅಳಿವೆಯಲ್ಲಿಯೂ ಆಗಿರಲಿಲ್ಲ. ಅಲ್ಲಿ ಒಬ್ಬಳ ದನಿ ಬಂದಿರಲಿಲ್ಲ, ಇಲ್ಲಿ ಒಬ್ಬರದ್ದೂ ಇಲ್ಲ.

ಆಮೇಲೆ ನಡುವಿನ ಸಾಲಿನಿಂದ ಒಂದು ಗಂಡು ದನಿ ಬಂತು. "ಕೂ." ದಪ್ಪ ಮೀಸೆಯ ಒಬ್ಬ ಅಧಿ‌ಕಾರಿ ಎದ್ದು ನಿಂತಿದ್ದ. ಯಾರೆಂದು ನೋಡಿದರೆ ನನ್ನ ಮನೆಯಲ್ಲಿ ಕಾಯಿ ತುರಿದ ಹುಡುಗ. ಅವನ ಹಿಂದೆ ಒಬ್ಬಳು, "ಕೂ." ಬೈತಖೋಲದ ಹುಡುಗಿ. ಗೋಡೆ ನೋಡಿಕೊಂಡು ಹೆದರಿಕೆ ಹೇಳಿದವಳು. ನೆರಳಾಗಿದ್ದವಳು. ಇಷ್ಟು ವರ್ಷ ನಮ್ಮ ಜಗುಲಿಯಲ್ಲಿ ಕುಳಿತವರು ಒಬ್ಬೊಬ್ಬರಾಗಿ ಓಗೊಡುತ್ತ, ಕುರ್ಚಿ ಸರಿಸಿ, ನನ್ನ ಬಾಗಿಲ ಕಡೆ ಬಂದರು. ಏನೆಂದು ಯಾರೂ ಕೇಳಲಿಲ್ಲ. ಈ ವರ್ಷದ ಹುಡುಗಿಯರಿಗೆ ಕೂಗು ಗೊತ್ತಿರಲಿಲ್ಲ. ಅವರೂ ಎದ್ದು ಹಿಂದೆ ಬಂದರು.

ಆಫೀಸಿನ ಮುಖ್ಯಸ್ಥರು ವೇದಿಕೆಯಿಂದ ಇಳಿದು, "ಏನಿದು, ಏನಾಯಿತು?" ಎನ್ನುತ್ತ ನಲ್ಲಿಯ ಹತ್ತಿರ ಓಡಿ ಬಂದರು. ಅಕ್ಕೋರ ಸುತ್ತ ಅಷ್ಟೂ ಜನ ನಿಂತಿದ್ದರು. ಆಗ ಅವರ ದನಿ ಬಂತು. ಬಂದರಿನಲ್ಲಿ ಬಂದಿತ್ತಲ್ಲ, ಅದೇ ಕೀಚಲು ದನಿ.

"ಮೊದಲ ಅವರು ವೇದಿಕಿ ಮ್ಯಾಲಿಂದ ಇಳೀಲಿ ಸರ್. ಆಮ್ಯಾಲೆ ನಾವು ಬರ್ತೇವಿ. ಈ ಹುಡುಗೂರು ಅವರ ಜೋಡಿ ಕೆಸರಿಗೆ ಇಳಿಯೂದಿಲ್ಲ. ಯಾಕಂತ ನೀವು ಬಲ್ರಿ."

ಮುಖ್ಯಸ್ಥರು ನೆಲ ನೋಡಿದರು. ಬಲ್ಲರು ಎಂದು ನನಗೆ ಅಲ್ಲೇ ಗೊತ್ತಾಯಿತು. ಒಳಗೆ ದೊಡ್ಡ ಸಾರ್ ಫೋನು ಕಿವಿಗಿಟ್ಟುಕೊಂಡು, ತುರ್ತು ಕೆಲಸವೆಂದು ಹೇಳುತ್ತ ಕಾರು ಹತ್ತಿದರಂತೆ. ಅವರು ಬಿಟ್ಟುಹೋದ ಶಾಲನ್ನು ಏಡಿ ಹುಡುಗಿ ತಂದು ನಲ್ಲಿಯ ಬಳಿಯೇ ಹೊದಿಸಿದಳು. ಒಂದು ತುದಿ ನೆನೆಯಿತು.

ದೊಡ್ಡ ಸಾರ್ ಅವರ ಕುರ್ಚಿ ಹಾಗೇ ಇದೆ. ನನ್ನ ಹೆದರಿಕೆಯೂ ಹಾಗೇ ಇದೆ. ಮೊಮ್ಮಗಳು ಈ ಫೋನಿನಲ್ಲಿ ಅಕ್ಷರ ಒತ್ತಲು ಕಲಿಸಿದ ಮೇಲೆ ಬರೆಯಬೇಕೆನಿಸಿದ್ದು ಇದೊಂದೇ. ಆದರೆ ಅಳಿವೆಗೆ ಮಕ್ಕಳನ್ನು ಕರೆತರುವ ಹೊಣೆ ಈಗ ಏಡಿ ಹುಡುಗಿಯದು.

ಹುಣ್ಣಿಮೆಯ ಇಳಿತಕ್ಕೆ ಅವಳು ಹೊಸ ಹುಡುಗಿಯರನ್ನು ಕರೆತಂದಳು. ಮೊದಲು ಮರೆ ಕಟ್ಟಿಸಿದಳು. ಅಕ್ಕೋರೂ ಬಂದಿದ್ದರು, ಕೆಲಸವಿಲ್ಲದಿದ್ದರೂ. ದಂಡೆಯ ಮೇಲೆ, ತೆಂಗಿನ ಮರಗಳಿಂದ ದೂರಕ್ಕೆ ಕುರ್ಚಿ ಹಾಕಿಸಿಕೊಂಡು, ತೇಲುವ ಅಂಗಿ ತೊಟ್ಟು ಕುಳಿತಿದ್ದರು.

ನೀರು ತಿರುಗಿತು. ದಂಡೆಯಿಂದ ಅಕ್ಕೋರೇ ಕೂಗಿದರು, "ಕೂ..." ಹುಡುಗಿಯರು ಓಗೊಟ್ಟರು. ಬೀರಮ್ಮ ಓಗೊಟ್ಟಳು. ನಾನು ಕಾಂಡ್ಲಾ ಗಿಡದ ಮರೆಯಲ್ಲಿದ್ದೆ. ಎಷ್ಟೋ ವರ್ಷಗಳ ಮೇಲೆ ಹಳೆಯ ಚೇಷ್ಟೆ ನೆನಪಾಯಿತು. ಅಕ್ಕೋರು ಸೇರಿಸಿದ ಮಾತು ಮರೆತು, ಇನ್ನೊಮ್ಮೆ ಕೂಗಲಿ ಎಂದು ಬಾಯಿ ಮುಚ್ಚಿ ನಿಂತೆ.

ಅವರು ಇನ್ನೊಮ್ಮೆ ಕೂಗಲಿಲ್ಲ. ನನಗೇ ಗಾಬರಿಯಾಗಿ ಗಿಡ ಸರಿಸಿ ಇಣುಕಿದೆ. ದಂಡೆಯ ಮೇಲೆ ಕುರ್ಚಿ ಖಾಲಿ ಇತ್ತು. ಅಕ್ಕೋರು ಸೆರಗು ಸೊಂಟಕ್ಕೆ ಸಿಕ್ಕಿಸಿ, ಏಡಿಗಳ ನಡುವೆ, ಆಗಲೇ ಮೊಣಕಾಲುದ್ದ ಕೆಸರಿನಲ್ಲಿ ನನ್ನ ಕಡೆ ಬರುತ್ತಿದ್ದರು.